ಇಂದು ನಗದು, ನಾಳೆ ಉದ್ರಿ

(ಅಂಕೋಲಾ ತಾಲೂಕಿನ ಹಿಲ್ಲೂರಿನಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಕಿರಾಣಿ ಅಂಗಡಿಯ ಗೋಡೆಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಮರುದಿನ ಹೋದರೂ ಫಲಕದ ಮೇಲೆ ಅದೇ ಅಕ್ಷರಗಳು. ಆ ‘ನಾಳೆ’ ಎಂದೂ ಬರುವುದಿಲ್ಲ. ಆದರೆ ಅದೇ ಫಲಕದ ಕೆಳಗೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಉದ್ದನೆಯ ಲೆಕ್ಕದ ಪುಸ್ತಕವೊಂದು ಇದ್ದೇ ಇರುತ್ತಿತ್ತು. ಫಲಕ ಹೊರಗಿನವರಿಗೆ, ಪುಸ್ತಕ ಊರಿನವರಿಗೆ. “ಬರ್ಕಳ್ಳಿ, ಕೊಯ್ಲಾದ ಮೇಲೆ ಕೊಡ್ತೆ” ಎಂದರೆ ಅಕ್ಕಿ, ಬೆಲ್ಲ, ಸೀಮೆಎಣ್ಣೆ ಮನೆಗೆ ಬರುತ್ತಿತ್ತು.

ಇಂದು ಆ ಫಲಕವನ್ನು ಯಾರೋ ತಿರುವಿ ಬರೆದಂತಾಗಿದೆ. ಮೊಬೈಲ್ ಪರದೆಯ ಮೇಲೆ ಕಾಣುವುದು ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬ ಆಹ್ವಾನ. ಈ ಸಲ ಅಪರಿಚಿತನೇ ಅಪರಿಚಿತನಿಗೆ ಉದ್ರಿ ಕೊಡುತ್ತಿದ್ದಾನೆ. ಗುರುತು ಕೇಳುವುದಿಲ್ಲ, ಗದ್ದೆ ಎಷ್ಟಿದೆ ಎಂದು ವಿಚಾರಿಸುವುದಿಲ್ಲ. ಮೊಬೈಲಿಗೆ ಬಂದ ನಾಲ್ಕಾರು ಅಂಕಿಗಳನ್ನು ಒತ್ತಿದರೆ ಸಾಕು, ವಸ್ತು ಹೊರಟಿತು. ಗಂಗಾವಳಿ ಕಣಿವೆಯ ಹಳ್ಳಿಯಲ್ಲಿ ಕುಳಿತವರಿಗೂ ಬೆಂಗಳೂರಿನ ಮಾಳಿಗೆಯಲ್ಲಿ ಕುಳಿತವರಿಗೂ ಅದೇ ಸೇಲ್, ಅದೇ ಕಂತು.

ಉದ್ರಿ ನಮಗೆ ಹೊಸದಲ್ಲ. ಸಾಲದ ಕಹಿಯೂ ಹೊಸದಲ್ಲ. ಹಾಗಾದರೆ ಈ ಹೊಸ ಉದ್ರಿಯಲ್ಲಿ ಹೊಸದೇನು? ಹಳೆಯ ಅನುಭವದಿಂದ ಅದಕ್ಕೆ ಏನಾದರೂ ಪಾಠವಿದೆಯೇ? ಇದೇ ಇಂದಿನ ವಿಷಯ.

ಲೆಕ್ಕದ ಪುಸ್ತಕದ ಗುಣದೋಷ

ಹಳೆಯ ಉದ್ರಿಗೆ ಒಂದು ಋತುಮಾನವಿತ್ತು. ಕರಾವಳಿಯ ಮಳೆಗಾಲವೆಂದರೆ ಕೂಲಿ ಇಲ್ಲದ, ಕಣಜ ಬರಿದಾಗುವ ಕಾಲ. ಜೂನ್‌ನಿಂದ ಚೌತಿಯವರೆಗೆ ಅಂಗಡಿಯ ಪುಸ್ತಕ ತುಂಬುತ್ತ ಹೋಗುತ್ತಿತ್ತು. ಭತ್ತ ಕೊಯ್ದು, ಅಡಿಕೆ ಕೊಟ್ಟು ಕೈಯಲ್ಲಿ ಹಣ ಬಂದಾಗ ಅದು ಖಾಲಿಯಾಗುತ್ತಿತ್ತು. ದೀಪಾವಳಿಗೆ ವರ್ತಕರು ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ತೆರೆಯುವುದಕ್ಕೂ ಇದಕ್ಕೂ ಸಂಬಂಧವಿದೆ. ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುವ ಮೊದಲು ಹಳೆಯದನ್ನು ಚುಕ್ತಾ ಮಾಡಬೇಕೆಂಬುದು ಉಭಯತರೂ ಒಪ್ಪಿದ ಮರ್ಯಾದೆ.

ಅಂಗಡಿಕಾರನಿಗೆ ಗಿರಾಕಿಯ ಮನೆ ಗೊತ್ತು. ಎಷ್ಟು ಬಾಯಿ, ಎಷ್ಟು ದುಡಿಯುವ ಕೈ ಎಂಬುದು ಗೊತ್ತು. ತೀರಿಸಲಾಗದವನಿಗೆ ಅವನೇ “ಇನ್ನು ಸಾಕು, ಹಳೆಯದು ಸ್ವಲ್ಪ ಕೊಡಿ” ಎನ್ನುತ್ತಿದ್ದ. ಅದು ಅವನ ದಯೆ ಎಂದು ತಿಳಿಯಬೇಕಾಗಿಲ್ಲ. ಸಾಲ ಮುಳುಗಿದರೆ ಮುಳುಗುವುದು ಅವನ ಸ್ವಂತ ಬಂಡವಾಳ. ಆದ್ದರಿಂದ ಅವನಿಗೆ ಎಚ್ಚರವಿತ್ತು. ಮನೆಯಲ್ಲಿ ಸಾವುನೋವಾದರೆ, ನೆರೆ ಬಂದು ಬೆಳೆ ಹೋದರೆ, ತಾರೀಕು ತಾನಾಗಿಯೇ ಮುಂದೆ ಹೋಗುತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಪುಸ್ತಕ ಬರೆಯುವವನು ಅಕ್ಷರ ಬಲ್ಲವನು, ಹೆಬ್ಬೆಟ್ಟು ಒತ್ತುವವನು ಬಲ್ಲವನಲ್ಲ. ಬರೆದದ್ದೇ ಲೆಕ್ಕ. ಉದ್ರಿಯಲ್ಲಿ ಕೊಂಡವನಿಗೆ ದರದ ಚೌಕಾಸಿ ಮಾಡುವ ಬಾಯಿ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ತಂದ ಭತ್ತವನ್ನು ಸುಗ್ಗಿಯಲ್ಲಿ ಮೇಲಿಷ್ಟು ಸೇರಿಸಿ ಅಳೆದುಕೊಡಬೇಕಿತ್ತು. ಧಣಿಯೇ ಸಾಲಿಗನೂ ಆಗಿದ್ದಲ್ಲಿ ಗೇಣಿ, ಬಡ್ಡಿ ಎರಡೂ ಒಂದೇ ಕಣದಿಂದ ಎದ್ದು ಹೋಗುತ್ತಿದ್ದವು. ತಂದೆಯ ಸಾಲಕ್ಕೆ ಮಗ ದುಡಿಯುವ ಜೀತವೂ ನಾಡಿನಲ್ಲಿತ್ತು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ.

ಆದರೂ ಆ ಪುಸ್ತಕದಲ್ಲಿ ಒಂದು ಸಂಗತಿ ಸ್ಪಷ್ಟವಾಗಿತ್ತು. ಸಾಲ ಕೊಟ್ಟವನು ಯಾರು, ಅವನ ಬಾಗಿಲು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ವಿಜ್ಞಾನೇಶ್ವರನ ಲೆಕ್ಕ

ಸಾಲಕ್ಕೆ ಎಲ್ಲೆ ಹಾಕಬೇಕೆಂಬ ವಿಚಾರವೂ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ರಚಿಸಿದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಹಿಂದೂ ಕಾನೂನಿನ ಆಧಾರಗ್ರಂಥವಾಯಿತು. ಸಾಲ ಕೊಡುವ, ವಸೂಲು ಮಾಡುವ ನಿಯಮಗಳಿಗೆಂದೇ ಅದರಲ್ಲಿ ಪ್ರತ್ಯೇಕ ಪ್ರಕರಣವಿದೆ.

ಅಡವು ಇಟ್ಟು ತಂದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಪಾಲು ಬಡ್ಡಿ ಎಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಅಂದರೆ ನೂರಕ್ಕೆ ಒಂದೂಕಾಲು. ಅಡವಿಲ್ಲದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಿಂದ ಐದರವರೆಗೆ, ಅದೂ ವರ್ಣದ ಕ್ರಮದಲ್ಲಿ. ಮೇಲಿನವನಿಗೆ ಎರಡು, ಕೆಳಗಿನವನಿಗೆ ಐದು. ಇಲ್ಲದವನೇ ಹೆಚ್ಚು ಬಡ್ಡಿ ಕೊಡಬೇಕೆಂಬ ಅನ್ಯಾಯ ಅಷ್ಟು ಹಳೆಯದು. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ನೂರಕ್ಕೆ ಹತ್ತು, ಸಮುದ್ರಯಾನ ಮಾಡುವವನಿಗೆ ನೂರಕ್ಕೆ ಇಪ್ಪತ್ತು. ಘಟ್ಟದ ಕಾಡನ್ನೂ ಕಡಲನ್ನೂ ಒಟ್ಟಿಗೆ ಕಂಡ ಉತ್ತರ ಕನ್ನಡದವರಿಗೆ ಈ ದರಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಮುಳುಗಿದರೆ ಸಾಲವೂ ಮುಳುಗೀತು. ಆ ಭಯದ ಬೆಲೆಯೇ ತಿಂಗಳಿಗೆ ಇಪ್ಪತ್ತು. ಈ ಅಂಕಿಯನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಎಷ್ಟೇ ಕಾಲವಾದರೂ ಸಾಲ ಬೆಳೆಯುವುದಕ್ಕೆ ಒಂದು ಮಿತಿಯನ್ನೂ ಸ್ಮೃತಿ ಹಾಕಿತ್ತು. ಹೊನ್ನಿನ ಸಾಲ ಎರಡು ಪಟ್ಟು, ಧಾನ್ಯದ್ದು ಮೂರು ಪಟ್ಟು, ಬಟ್ಟೆಯದ್ದು ನಾಲ್ಕು ಪಟ್ಟಿಗೆ ನಿಲ್ಲಬೇಕು. ಇದೇ ಮುಂದೆ ‘ದಾಮ್ ದುಪ್ಪಟ್’ ಎಂಬ ಹೆಸರಿನಿಂದ ರೂಢಿಯಾಯಿತು. ಒಂದೇ ಸಲ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದು. ಸಾವಿರ ಕೊಟ್ಟವನು ಎರಡು ಸಾವಿರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಾಂಬೆ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೂ ಈ ನಿಯಮವನ್ನು ಮಾನ್ಯ ಮಾಡಿದ್ದವು. 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟ ಉತ್ತರ ಕನ್ನಡ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇದೇ ಬಾಂಬೆಗೆ ಸೇರಿತ್ತು.

ಪತ್ರ ಸುಟ್ಟವರ ಪಾಠ

ನಿಯಮವಿದ್ದ ಮಾತ್ರಕ್ಕೆ ರೈತ ಉಳಿಯಲಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. (ಇದು ನಮ್ಮ ಜೋಯಿಡಾದ ಸೂಪಾ ಅಲ್ಲ.) ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕಿದ್ದನ್ನೆಲ್ಲ ಸುಟ್ಟರು. ಚರಿತ್ರೆಯಲ್ಲಿ ಇದು ‘ದಖ್ಖನಿನ ದಂಗೆ’ ಎಂದು ಹೆಸರಾಗಿದೆ.

ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಮಾತ್ರ ಅನ್ವಯವಾದ ಈ ಕಾಯ್ದೆಯ ಎರಡು ಅಂಶಗಳು ಗಮನಾರ್ಹ. ಒಂದು, ಪತ್ರದಲ್ಲಿ ಬರೆದದ್ದನ್ನೇ ನಂಬದೆ, ನಿಜವಾಗಿ ಕೈಗೆ ಬಂದ ಹಣವೆಷ್ಟು ಎಂದು ನ್ಯಾಯಾಧೀಶರು ವಿಚಾರಿಸಬಹುದು. ಎರಡು, ಸಾಲಗಾರ ಹಣ ಕಟ್ಟಿದಾಗ ರಸೀದಿ, ಕೇಳಿದಾಗ ಲೆಕ್ಕದ ಪಟ್ಟಿ ಮತ್ತು ಪಾಸ್‌ಬುಕ್ ಕೊಡಬೇಕು. ಪುಸ್ತಕ ಒಬ್ಬನ ಕೈಯಲ್ಲೇ ಇದ್ದರೆ ಅನ್ಯಾಯ ಹುಟ್ಟುತ್ತದೆ ಎಂಬುದನ್ನು ಸರಕಾರ ಒಪ್ಪಿಕೊಂಡಂತಾಯಿತು.

ನಂತರದ ಹೆಜ್ಜೆಗಳೆಲ್ಲ ಲೆಕ್ಕದ ಪುಸ್ತಕವನ್ನು ಸಾಹುಕಾರನ ಕೈಯಿಂದ ಬಿಡಿಸುವ ಪ್ರಯತ್ನಗಳೇ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಘಟ್ಟದ ಮೇಲಿನ ಅಡಿಕೆ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಸ್ಥಾಪಿಸಿದರು. ಅಂಕೋಲೆಯವರೇ ಆದ, ಚುಟುಕ ಕವಿಯೆಂದು ನಾಡಿಗೆಲ್ಲ ಪರಿಚಿತರಾದ ದಿನಕರ ದೇಸಾಯಿ (1909–1982) ಗೇಣಿ ರೈತರನ್ನು ಸಂಘಟಿಸಿ, ಬ್ರಿಟಿಷ್ ಸರಕಾರದಿಂದ ಜಿಲ್ಲೆಯ ಹೊರಗೆ ಗಡೀಪಾರಾದರು. 1939ರಲ್ಲಿ ಬಾಂಬೆ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಬಂತು, 1947ರಲ್ಲಿ ಅದಕ್ಕೆ ಹೊಸ ರೂಪ ಬಂತು. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರದ ವಶವಾಗಿ, ಉಳುವವನು ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಾಕಿ ಒಡೆಯನಾದ. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂರಹಿತ ಕೂಲಿಗಳ ಹಳೆಯ ಸಾಲಗಳನ್ನು ತೊಡೆಯಿತು.

ಇಂದು ಅನೇಕ ಮನೆಗಳ ಪಹಣಿಯಲ್ಲಿ ಅಜ್ಜನ ಹೆಸರು ಬಂದಿರುವುದು ಹೀಗೆ. ಆ ಪಹಣಿಯ ಬಲದ ಮೇಲೆಯೇ ಮೊಮ್ಮಗ ಸಹಕಾರಿ ಸಂಘದಲ್ಲಿ ಬೆಳೆಸಾಲ ಕೇಳುತ್ತಾನೆ. ಹೊಸ ಉದ್ರಿ ಕೈಹಾಕುತ್ತಿರುವುದು ಇದೇ ನಂಬಿಕೆಗೆ. ಅದು ಹೇಗೆಂಬುದನ್ನು ನೋಡುವ ಮೊದಲು ಕಂತಿನ ಕಥೆ ತಿಳಿಯಬೇಕು.

ಹೊಲಿಗೆ ಯಂತ್ರದಿಂದ ಮೊಬೈಲಿಗೆ

ಕಂತಿನ ವ್ಯಾಪಾರವನ್ನು ಜಗತ್ತಿನಲ್ಲಿ ಪ್ರಸಿದ್ಧಿಗೆ ತಂದದ್ದು ಹೊಲಿಗೆ ಯಂತ್ರ. ಅಮೆರಿಕದ ಸಿಂಗರ್ ಕಂಪನಿ 1856ರ ಸುಮಾರಿಗೆ, ಸ್ವಲ್ಪ ಮುಂಗಡ ಕೊಟ್ಟು ಉಳಿದದ್ದನ್ನು ತಿಂಗಳು ತಿಂಗಳು ಕಟ್ಟುವ ಪದ್ಧತಿಯನ್ನು ಜಾರಿಗೆ ತಂದಿತು. ಅದರಲ್ಲಿ ಒಂದು ವಿವೇಕವಿತ್ತು. ಹೊಲಿಗೆ ಯಂತ್ರ ದುಡಿಯುವ ವಸ್ತು. ರವಿಕೆ ಹೊಲಿದ ಹಣದಲ್ಲಿ ಯಂತ್ರದ ಕಂತು ತೀರುತ್ತದೆ. ನಮ್ಮಲ್ಲಿಯೂ ಹೊಲಿಗೆ ಯಂತ್ರ, ಪಂಪ್‌ಸೆಟ್, ಆಟೋರಿಕ್ಷಾ ಕಂತಿನಲ್ಲಿ ಬಂದು ಮನೆ ನಡೆಸಿದ ಉದಾಹರಣೆಗಳು ಹೇರಳ.

ಕ್ರಮೇಣ ಕಂತು ದುಡಿಯದ ವಸ್ತುಗಳಿಗೂ ಹಬ್ಬಿತು. ಟಿ.ವಿ., ಫ್ರಿಜ್, ಸೋಫಾ ಬಂದವು. ಆಗಲೂ ಪೇಟೆಯ ಅಂಗಡಿಗೆ ಹೋಗಿ, ಕಾಗದಕ್ಕೆ ಸಹಿ ಹಾಕಿ, ಮುಂದಿನ ತಾರೀಕಿನ ಚೆಕ್ಕುಗಳನ್ನು ಕೊಟ್ಟು ಬರಬೇಕಿತ್ತು. ಎರಡು ಬಸ್ಸು ಬದಲಿಸಿ ಹೋಗಿಬರುವ ಆ ತೊಂದರೆಯಲ್ಲೇ ಯೋಚನೆಗೆ ಸಮಯ ಸಿಗುತ್ತಿತ್ತು. ಮೊಬೈಲ್ ಉದ್ರಿ ಕಿತ್ತುಹಾಕಿದ್ದು ಆ ಸಮಯವನ್ನು. ಈಗ ಇನ್ನೂರು ರೂಪಾಯಿಯ ಊಟಕ್ಕೂ, ಒಂದು ಜೊತೆ ಚಪ್ಪಲಿಗೂ ಸಾಲ ಸಿಗುತ್ತದೆ. ಸಾಲವೆಂಬ ಶಬ್ದ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಸೇಲ್ ಎಂಬ ಜಾತ್ರೆ

ಕೊಳ್ಳುವ ಹಬ್ಬಗಳು ನಮಗೆ ಹೊಸವಲ್ಲ. ಅಂಕೋಲೆಯ ಬಂಡಿಹಬ್ಬಕ್ಕೆ ಹೋದವರು ಬಳೆ, ಆಟಿಕೆ, ಮಿಠಾಯಿ ಕೊಳ್ಳದೆ ಮರಳುವುದುಂಟೇ? ಮದುವೆಗಳಿಲ್ಲದ ಆಷಾಢದಲ್ಲಿ ಬಟ್ಟೆ ಅಂಗಡಿಯವರು ದರ ಇಳಿಸುವುದು, ಗಾಂಧಿ ಜಯಂತಿಗೆ ಖಾದಿ ಭಂಡಾರದಲ್ಲಿ ರಿಯಾಯಿತಿ ಕೊಡುವುದು ಬಹುಕಾಲದ ರೂಢಿ. ಗಿರಾಕಿ ಇಲ್ಲದಾಗ ಗಿರಾಕಿಯನ್ನು ಕರೆಯುವುದು ಇವುಗಳ ಹಿಂದಿನ ಸರಳ ತರ್ಕ.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಕಂಪನಿ 2014ರ ಅಕ್ಟೋಬರ್ 6ರಂದು ‘ಬಿಗ್ ಬಿಲಿಯನ್ ಡೇ’ ಎಂಬ ಮಹಾಮಾರಾಟ ನಡೆಸಿತು. ನೂಕುನುಗ್ಗಲಿಗೆ ಜಾಲತಾಣವೇ ತತ್ತರಿಸಿ, ಸಂಸ್ಥಾಪಕರು ಗಿರಾಕಿಗಳ ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ದಸರಾ ದೀಪಾವಳಿಯ ಮುನ್ನ ಇಂತಹ ಸೇಲ್ ಪ್ರತಿವರ್ಷದ ಸಂಪ್ರದಾಯವಾಯಿತು. ಇತರ ಕಂಪನಿಗಳೂ ಅದೇ ದಾರಿ ಹಿಡಿದವು.

ಈ ಜಾತ್ರೆಯಲ್ಲಿ ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ‘ಶೇಕಡಾ 60 ರಿಯಾಯಿತಿ’ ಎಂಬಲ್ಲಿ ಯಾವ ದರದ ಮೇಲೆ ಎಂಬ ಪ್ರಶ್ನೆ. ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವವನು ತಯಾರಕನೇ. ಯಾರೂ ಎಂದೂ ಕೊಡದ ಬೆಲೆಯನ್ನು ಅಚ್ಚು ಹಾಕಿ, ಅದರಿಂದ ಇಳಿಸಿ ತೋರಿಸಿದರೆ ಗಿರಾಕಿಗೆ ಸಿಕ್ಕಿದ್ದೇನು? ಎರಡನೆಯದು, ಪರದೆಯ ಮೇಲೆ ಓಡುವ ಗಡಿಯಾರ. ‘ಇನ್ನು ಎರಡೇ ತಾಸು’, ‘ಮೂರೇ ಉಳಿದಿವೆ’ ಎಂಬ ಗಡಿಬಿಡಿ ನಿಜವೋ ಸುಳ್ಳೋ ತಿಳಿಯುವ ಉಪಾಯ ಕೊಳ್ಳುವವನಲ್ಲಿಲ್ಲ. ಮೂರನೆಯದು, ಕೈಯಲ್ಲಿ ಹಣವಿಲ್ಲ ಎಂಬ ಕೊನೆಯ ತಡೆ. ಸಂತೆಯಲ್ಲಿ ಸೊಂಟದ ಚೀಲ ಬರಿದಾದರೆ ವ್ಯಾಪಾರ ಮುಗಿಯಿತು. ಮೊಬೈಲ್ ಸಂತೆಯಲ್ಲಿ ಚೀಲ ಬರಿದಾದ ಕ್ಷಣದಲ್ಲೇ ‘ಆಮೇಲೆ ಕೊಡಿ’ ಎಂಬ ಗುಂಡಿ ಕಾಣಿಸುತ್ತದೆ. ಸೇಲ್ ಮತ್ತು ಸಾಲ ಒಂದೇ ಜೋಡಿಯಾಗಿ ಬರುವುದಕ್ಕೆ ಇದೇ ಕಾರಣ.

ಮೂರು ಕಂತಿನ ಮಿಕ್ಸರ್

ಒಂದು ಲೆಕ್ಕ ಮಾಡಿ ನೋಡೋಣ. ಸೇಲಿನಲ್ಲಿ 6,000 ರೂಪಾಯಿಯ ಮಿಕ್ಸರ್ ಇದೆ. ‘ಬಡ್ಡಿಯಿಲ್ಲದ ಮೂರು ಕಂತು, ತಿಂಗಳಿಗೆ 2,000’ ಎಂದು ಬರೆದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 199 ರೂಪಾಯಿ ಸೇವಾಶುಲ್ಕ, ಅದಕ್ಕೆ ಶೇಕಡಾ 18 ಜಿ.ಎಸ್.ಟಿ. ಒಟ್ಟು ಸುಮಾರು 235 ರೂಪಾಯಿ. ಆರು ಸಾವಿರದ ಮುಂದೆ 235 ಯಾವ ದೊಡ್ಡದು ಎನ್ನಿಸುತ್ತದೆ.

ಆದರೆ ಆರು ಸಾವಿರ ರೂಪಾಯಿ ಸಾಲ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ. ಎರಡನೆಯ ತಿಂಗಳು ನಾಲ್ಕು ಸಾವಿರ, ಮೂರನೆಯ ತಿಂಗಳು ಎರಡು ಸಾವಿರ. ಕೂಡಿದರೆ, ಹನ್ನೆರಡು ಸಾವಿರ ರೂಪಾಯಿಯನ್ನು ಒಂದು ತಿಂಗಳು ಇಟ್ಟುಕೊಂಡಂತೆ. ಅಂದರೆ ಸಾವಿರ ರೂಪಾಯಿಯನ್ನು ಒಂದು ವರ್ಷ ಇಟ್ಟುಕೊಂಡಂತೆ. ಸಾವಿರಕ್ಕೆ 235 ಎಂದರೆ ವರ್ಷಕ್ಕೆ ಶೇಕಡಾ 23.5 ಬಡ್ಡಿ. ನಗದು ಕೊಟ್ಟವರಿಗೆ ಸಿಗುವ ಬೇರೆ ರಿಯಾಯಿತಿ ಏನಾದರೂ ತಪ್ಪಿದ್ದರೆ ಅದನ್ನೂ ಇದಕ್ಕೆ ಸೇರಿಸಬೇಕು.

ಬಡ್ಡಿಯಿಲ್ಲದ ಸಾಲವೆಂಬುದು ರೈತರಿಗೆ ಪರಿಚಿತವೇ. ಸಹಕಾರಿ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ಪ್ರಕಟಿಸಿತು. ಅಲ್ಲಿಯೂ ಬಡ್ಡಿ ಮಾಯವಾಗಿಲ್ಲ, ರೈತನ ಪರವಾಗಿ ಸರಕಾರ ಕಟ್ಟುತ್ತದೆ. ಹಾಗೆಯೇ ಕಂತಿನ ವ್ಯಾಪಾರದಲ್ಲಿ ಬಡ್ಡಿಯನ್ನು ಮಾರುವವನು ತನ್ನ ಲಾಭದಿಂದ ಕೊಡುತ್ತಾನೆ, ಇಲ್ಲವೇ ದರದಲ್ಲಿ ಮೊದಲೇ ಸೇರಿಸಿರುತ್ತಾನೆ, ಇಲ್ಲವೇ ಶುಲ್ಕದ ಹೆಸರಿನಲ್ಲಿ ಗಿರಾಕಿಯಿಂದಲೇ ಪಡೆಯುತ್ತಾನೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಇಲ್ಲಿ ಇನ್ನೊಂದು ತೊಡಕಿದೆ. ವಸ್ತು ಮಾರುವವನು ಒಬ್ಬ, ಆ್ಯಪ್ ನಡೆಸುವವನು ಇನ್ನೊಬ್ಬ, ಹಣ ಕೊಡುವ ಹಣಕಾಸು ಕಂಪನಿ ಮತ್ತೊಂದು. ಮಿಕ್ಸರ್ ಕೆಟ್ಟು ವಾಪಸು ಕಳಿಸಿದರೂ, ಮಾರಿದವನಿಂದ ಹಣ ಮರಳುವವರೆಗೆ ಸಾಲದ ಕಂಪನಿಯ ಪುಸ್ತಕದಲ್ಲಿ ಕಂತು ನಡೆದೇ ಇರುತ್ತದೆ. ಅವರು ಇವರತ್ತ, ಇವರು ಅವರತ್ತ ಬೆರಳು ತೋರಿಸುತ್ತಾರೆ. ಹೋಗಿ ಕೇಳಲು ಬಾಗಿಲಿಲ್ಲ.

ತಪ್ಪಿದ ತಾರೀಕು

ಕಂತಿನ ಹಣ ತಿಂಗಳ ನಿಗದಿತ ದಿನ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಸಂಬಳದವರಿಗೆ ಇದು ಅನುಕೂಲವೇ. ಆದರೆ ಮೀನುಗಾರಿಕೆ ನಿಂತ ತಿಂಗಳು, ಅಡಿಕೆ ಕೊಯ್ಯದ ತಿಂಗಳು, ಮಳೆಗೆ ಕೂಲಿ ತಪ್ಪಿದ ವಾರ ಆ ಯಂತ್ರಕ್ಕೆ ಗೊತ್ತಿಲ್ಲ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಹರಿದಾಗ ನದಿಪಾತ್ರದ ಮನೆಗಳಿಗೆ ನೀರು ನುಗ್ಗಿತ್ತು. ಅಂಗಡಿಯ ಪುಸ್ತಕವಾದರೆ ಅಂತಹ ವರ್ಷ ಸುಮ್ಮನಿದ್ದೀತು. ಕಂತು ಕಡಿಯುವ ಯಂತ್ರಕ್ಕೆ ತಾರೀಕು ಒಂದೇ ಗೊತ್ತು.

ಖಾತೆಯಲ್ಲಿ ಹಣವಿಲ್ಲದಿದ್ದರೆ ದಂಡ ಎರಡು ಕಡೆ. ಸಾಲ ಕೊಟ್ಟವನದು ಒಂದು, ಕಡಿತ ವಿಫಲವಾಯಿತೆಂದು ಬ್ಯಾಂಕಿನದು ಇನ್ನೊಂದು. ಎರಡೂ ಸೇರಿ 300 ರೂಪಾಯಿ ಎಂದು ಹಿಡಿಯೋಣ. ಎರಡು ಸಾವಿರದ ಕಂತು ಒಂದು ತಿಂಗಳು ತಡವಾದದ್ದಕ್ಕೆ 300 ಎಂದರೆ ತಿಂಗಳಿಗೆ ನೂರಕ್ಕೆ ಹದಿನೈದು. ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ಇದು ಕಾಡು ದಾಟುವವನ ದರವನ್ನು ಮೀರಿ, ಕಡಲಿಗೆ ಇಳಿಯುವವನ ದರದ ಹತ್ತಿರ ಬರುತ್ತದೆ. ಮನೆಯಲ್ಲಿ ಕುಳಿತು ಚಟ್ನಿ ಅರೆದವರು ಹಡಗಿನ ವರ್ತಕನ ಬಡ್ಡಿ ಕೊಟ್ಟಂತಾಯಿತು.

ಹಣಕ್ಕಿಂತ ಮಿಗಿಲಾದ ಹಾನಿ ಬೇರೊಂದಿದೆ. ಇಂತಹ ಉದ್ರಿಯನ್ನೂ ಸಾಲವೆಂದೇ ಲೆಕ್ಕ ಹಿಡಿದು, ಸಾಲಮಾಹಿತಿ ಕಂಪನಿಗಳಿಗೆ ವರದಿ ಮಾಡಬೇಕೆಂಬ ನಿಯಮವಿದೆ. ಜನ ಅದನ್ನು ಸಾಮಾನ್ಯವಾಗಿ ‘ಸಿಬಿಲ್’ ಎನ್ನುತ್ತಾರೆ. ಸಿಬಿಲ್ ಅಂತಹ ನಾಲ್ಕು ಕಂಪನಿಗಳಲ್ಲಿ ಒಂದು. ಐದು ವಸ್ತು ಕೊಂಡರೆ ಐದು ಸಾಲ, ಐದು ತಾರೀಕು. ಒಂದು ತಪ್ಪಿದರೂ ದಾಖಲೆಯಲ್ಲಿ ಕಲೆ. ಮುಂದೆ ಎಂದೋ ಮಗಳ ಶಿಕ್ಷಣಸಾಲಕ್ಕೆ, ಮನೆ ಸಾಲಕ್ಕೆ, ಟ್ರ್ಯಾಕ್ಟರ್ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಆ ದಾಖಲೆಯನ್ನೇ. ಮರೆತುಹೋದ ಒಂದು ಜೊತೆ ಚಪ್ಪಲಿಯ ಕಂತು ಅಲ್ಲಿ ಅಡ್ಡ ನಿಂತಿರಬಹುದು. ಅಜ್ಜ ಗೇಣಿಯಿಂದ ಬಿಡಿಸಿಕೊಂಡ ಭೂಮಿಯ ಪಹಣಿ ಎದುರಿಗಿದ್ದರೂ ಸಾಲ ಸಿಗದಿರುವ ಸ್ಥಿತಿ ಇದು.

ಊರಿನ ಅಂಗಡಿಕಾರನ ಪುಸ್ತಕದಲ್ಲಿ ಬಿದ್ದ ಹೆಸರನ್ನು ಹಣ ಕೊಟ್ಟು ಹೊಡೆದು ಹಾಕಿಸಬಹುದಿತ್ತು. ಈ ಪುಸ್ತಕದಲ್ಲಿ ಹಣ ಕಟ್ಟಿದ ಮೇಲೂ ತಡವಾದ ಗುರುತು ವರ್ಷಗಟ್ಟಲೆ ಉಳಿಯುತ್ತದೆ.

ಪರವಾನಗಿಯೇ ಇಲ್ಲದ ಆ್ಯಪ್‌ಗಳ ಕಥೆ ಇನ್ನೂ ಘೋರ. ಫೋನಿನಲ್ಲಿರುವ ನಂಟರಿಷ್ಟರ ನಂಬರುಗಳನ್ನೆಲ್ಲ ಕದ್ದು, ಅವರಿಗೆ ಫೋನ್ ಮಾಡಿ ಮಾನ ಕಳೆಯುವುದು, ಫೋಟೋ ತಿದ್ದಿ ಬೆದರಿಸುವುದು ಇವರ ವಸೂಲಿಯ ಮಾರ್ಗ. ನಾಚಿಕೆಗೆ ಅಂಜಿ ಯಾರಿಗೂ ಹೇಳದೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

ಕಾನೂನು ಎಲ್ಲಿಯವರೆಗೆ ಬಂದಿದೆ?

ಕಾನೂನು ಸುಮ್ಮನೆ ಕುಳಿತಿಲ್ಲ. 2022ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕೇತರ ಕಂಪನಿಗಳು ನಡೆಸುವ ಮೊಬೈಲ್ ಪರ್ಸು ಮತ್ತು ಕಾರ್ಡುಗಳಿಗೆ ಸಾಲದ ಹಣ ತುಂಬಕೂಡದೆಂದು ಆದೇಶಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ‘ಮುಖ್ಯ ಸಂಗತಿಗಳ ವಿವರಪತ್ರ’ವನ್ನು ಸಾಲಕ್ಕೆ ಮೊದಲೇ ಕೊಡಬೇಕು. ಸಾಲದ ಹಣ ಆ್ಯಪ್‌ನವರ ಖಾತೆಯ ಮೂಲಕ ಹಾದು ಹೋಗಕೂಡದು. ಫೋನಿನ ನಂಬರುಗಳ ಪಟ್ಟಿ, ಫೋಟೋಗಳಿಗೆ ಕೈಹಾಕಕೂಡದು. ಕೇಳದೆ ಸಾಲದ ಮಿತಿ ಏರಿಸಕೂಡದು. ನಿಗದಿತ ಅವಧಿಯೊಳಗೆ ಮನಸ್ಸು ಬದಲಾದರೆ, ಅಸಲು ಮತ್ತು ಅಷ್ಟು ದಿನದ ವೆಚ್ಚ ಕಟ್ಟಿ ದಂಡವಿಲ್ಲದೆ ಹೊರಬರಬಹುದು. 1879ರ ಕಾಯ್ದೆಯ ಪಾಸ್‌ಬುಕ್ಕಿಗೂ ಈ ವಿವರಪತ್ರಕ್ಕೂ ಉದ್ದೇಶ ಒಂದೇ: ಲೆಕ್ಕ ಸಾಲಗಾರನ ಕೈಯಲ್ಲೂ ಇರಬೇಕು.

ಈ ವಿವರಪತ್ರ ಬರಿಯ ಶಾಸ್ತ್ರವಲ್ಲ. ಅದನ್ನು ಸರಿಯಾಗಿ ಕೊಡಲಿಲ್ಲವೆಂದು 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಬಜಾಜ್ ಫೈನಾನ್ಸ್ ಕಂಪನಿಯ ಎರಡು ಕಂತಿನ ಸಾಲಯೋಜನೆಗಳನ್ನು ತಡೆಹಿಡಿಯಿತು. ಲೋಪ ಸರಿಪಡಿಸಿದ ಮೇಲೆ 2024ರ ಮೇ ತಿಂಗಳಲ್ಲಿ ತಡೆ ತೆರವಾಯಿತು. ದಂಡಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಕೂಡದೆಂಬ ಆದೇಶ 2023ರ ಆಗಸ್ಟಿನದು. ಸುಳ್ಳು ಗಡಿಬಿಡಿ ಹುಟ್ಟಿಸುವುದು, ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದು ಮೊದಲಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಷೇಧಿಸಿತು. ಕರ್ನಾಟಕ ಸರಕಾರ 2025ರ ಫೆಬ್ರುವರಿಯಲ್ಲಿ ಸಣ್ಣ ಸಾಲಗಳ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದು, ತಪ್ಪಿತಸ್ಥರಿಗೆ 10 ವರ್ಷದವರೆಗೆ ಸೆರೆಮನೆ ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ ಗೊತ್ತುಮಾಡಿತು.

ಆದರೆ ವಿವರಪತ್ರ ಕೊಡುವಂತೆ ಕಾನೂನು ಮಾಡಬಹುದು, ಓದುವಂತೆ ಮಾಡಲಾರದು. ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲ ಮೊಮ್ಮಗ ಓದದೆ ‘ಒಪ್ಪಿಗೆ’ ಎಂದು ಒತ್ತಿದರೆ ಅದೂ ಹೆಬ್ಬೆಟ್ಟೇ.

ಕೇಳಬೇಕಾದ ನಾಲ್ಕು ಮಾತು

ಹಾಗಾದರೆ ಕಂತೇ ಬೇಡವೇ? ಹಾಗೆ ಹೇಳುವುದು ಸುಲಭ, ಬದುಕುವುದು ಕಷ್ಟ. ಬೇಕಾದ ವಸ್ತುವಿಗೆ, ತೀರಿಸುವ ಹಣ ಬರುವ ದಿನ ಗೊತ್ತಿದ್ದು, ಪೂರ್ತಿ ಲೆಕ್ಕ ತಿಳಿದು ಮಾಡಿದ ಸಾಲದಲ್ಲಿ ತಪ್ಪಿಲ್ಲ. ಒತ್ತುವ ಮೊದಲು ನಾಲ್ಕು ಮಾತು ಕೇಳಿಕೊಂಡರೆ ಸಾಕು.

ಮೊದಲನೆಯದು, ಹಣ ಕೊಡುತ್ತಿರುವವರು ಯಾರು? ಆ್ಯಪ್‌ನ ಹೆಸರಲ್ಲ, ಅದರ ಹಿಂದಿರುವ ಬ್ಯಾಂಕಿನ ಅಥವಾ ಹಣಕಾಸು ಕಂಪನಿಯ ಹೆಸರು. ಅದು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಎರಡನೆಯದು, ಕೊನೆಯ ಕಂತು ಕಟ್ಟಿದಾಗ ಒಟ್ಟು ಎಷ್ಟು ಕೊಟ್ಟಂತಾಗುತ್ತದೆ, ಇಂದು ನಗದು ಕೊಟ್ಟರೆ ಎಷ್ಟು? ಅಂಕೋಲೆಯ ಅಂಗಡಿಯಲ್ಲಿ ಅದೇ ವಸ್ತುವಿನ ದರವನ್ನೂ ವಿಚಾರಿಸಬಹುದು. ಮೂರನೆಯದು, ಕಂತಿನ ತಾರೀಕಿಗೂ ಮನೆಗೆ ಹಣ ಬರುವ ತಾರೀಕಿಗೂ ಹೊಂದಾಣಿಕೆ ಇದೆಯೇ? ನಾಲ್ಕನೆಯದು, ಸೇಲ್ ಇಲ್ಲದಿದ್ದರೂ ಈ ವಸ್ತುವನ್ನು ಕೊಳ್ಳುತ್ತಿದ್ದೆವೇ? ಒಂದು ರಾತ್ರಿ ಕಳೆದು ಬೆಳಗ್ಗೆ ಉತ್ತರ ಹೇಳಿದರೆ ಅದು ಹೆಚ್ಚು ಪ್ರಾಮಾಣಿಕವಾಗಿರುತ್ತದೆ.

ಈಗಾಗಲೇ ಸಿಕ್ಕಿಬಿದ್ದವರಿಗೂ ದಾರಿಗಳಿವೆ. ಪ್ರತಿ ಸಾಲಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಪಡೆಯಬಹುದು. ತಪ್ಪು ನಮೂದು ಇದ್ದರೆ ತಿದ್ದಿಸಬಹುದು. ಮಾರಾಟದ ಮೋಸಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಹಣಕಾಸಿನ ಸೈಬರ್ ವಂಚನೆಗೆ 1930. ಸಾಲ ಕೊಟ್ಟ ಕಂಪನಿ ದೂರಿಗೆ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಎಲ್ಲಕ್ಕಿಂತ ಹತ್ತಿರದ ಉಪಾಯ ಊರಿನಲ್ಲೇ ಇದೆ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಪುಸ್ತಕ ನಡುವೆ ತೆರೆದಿರುತ್ತದೆ. ಯಾರು ಎಷ್ಟು ಕಟ್ಟಿದರು, ಯಾರದು ಬಾಕಿ ಎಂಬುದನ್ನು ಎಲ್ಲರೂ ಕೇಳುವಂತೆ ಓದುತ್ತಾರೆ. ಮೊಬೈಲಿನ ಕಂತುಗಳನ್ನೂ ಮನೆಯ ಕ್ಯಾಲೆಂಡರಿನಲ್ಲಿ ಹಾಗೆಯೇ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಟ್ಟರೆ ಅರ್ಧ ಅಪಾಯ ಕಡಿಮೆಯಾದೀತು. ಮಗ ಗೋವಾದಲ್ಲಿದ್ದರೆ, ಮಗಳು ಬೆಂಗಳೂರಿನಲ್ಲಿದ್ದರೆ ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವ ಜೊತೆಗೆ ಕಂತು ಎಷ್ಟಿದೆ ಎಂದೂ ಒಮ್ಮೆ ಕೇಳಬಹುದು. ಬೈಯುವುದಕ್ಕಲ್ಲ, ಅವರು ಒಬ್ಬರೇ ಹೊರುತ್ತಿಲ್ಲವೆಂದು ತಿಳಿಸುವುದಕ್ಕೆ.

ಅಂಗಡಿಯ ಹಳೆಯ ಫಲಕ ಗಿರಾಕಿಯನ್ನು ತಮಾಷೆಯಾಗಿ ವಾಪಸು ಕಳಿಸುತ್ತಿತ್ತು. ಇನ್ನು ಮುಂದೆ ಅದನ್ನು ಅಂಗಡಿಯವರ ಬದಲು ಕೊಳ್ಳುವವರೇ ತಮ್ಮ ಮನೆಯಲ್ಲಿ ತೂಗುಹಾಕಿಕೊಳ್ಳಬಹುದು. ಕೈಯಲ್ಲಿದ್ದರೆ ಇಂದು ನಗದು. ಇಲ್ಲದಿದ್ದರೆ ಉದ್ರಿಯ ವಿಚಾರ ನಾಳೆ.